ಕ್ರೆಡಿಟ್ ಕಾರ್ಡ್ ಡಿಕ್ಲೈನ್ ಆಯಿತೇ? ಚೀಟಿ ನೋಡಿ

ಮಷಿನ್‌ನಿಂದ ಬಂದ ಚೀಟಿಯನ್ನು ಎಸೆಯಬೇಡಿ. ಎಷ್ಟೋ ಸಲ ಅದರಲ್ಲಿ ಎರಡಂಕಿಯ ಕೋಡ್ ಇರುತ್ತದೆ. 51 ಎಂದರೆ ಲಿಮಿಟ್ ಸಾಲದು, 54 ಅಂದರೆ ಕಾರ್ಡ್‌ನ ಅವಧಿ ಮುಗಿದಿದೆ, 55 ತಪ್ಪು ಪಿನ್, 75 ತಪ್ಪು ಪಿನ್ ಒತ್ತಿದ್ದು ಮಿತಿ ಮೀರಿದೆ. 91 ಬಂದರೆ ಬ್ಯಾಂಕಿನ ಸರ್ವರ್ ಸಿಗುತ್ತಿಲ್ಲ, ಸ್ವಲ್ಪ ಹೊತ್ತು ಬಿಟ್ಟು ನೋಡಿ. 05 ಮಾತ್ರ ತಲೆನೋವು: ಬ್ಯಾಂಕ್ ಬೇಡ ಅಂದಿದೆ, ಕಾರಣ ಹೇಳಿಲ್ಲ. ಕಾರ್ಡ್ ಹಿಂಬದಿಯ ನಂಬರ್‌ಗೆ ಫೋನ್ ಮಾಡದೆ ಬೇರೆ ದಾರಿಯಿಲ್ಲ.

ಎಟಿಎಂನಲ್ಲಿ ಜನ ಎಡವುವುದು ಕ್ಯಾಶ್ ಲಿಮಿಟ್‌ನಲ್ಲಿ. ಇದು ಒಟ್ಟು ಲಿಮಿಟ್‌ನ ಒಂದು ಪಾಲು ಮಾತ್ರ. ಒಟ್ಟು 1,00,000 ಇದ್ದು ಕ್ಯಾಶ್‌ಗೆ 20,000 ಇಟ್ಟಿದ್ದರೆ, 25,000 ಕೇಳಿದಾಗ ಒಂದು ನೋಟೂ ಬರದು. ದಿನದ ಮಿತಿ ಅದರ ಮೇಲೆ ಬೇರೆ. ಹಣ ಬಂದರೂ ಸಾಮಾನ್ಯವಾಗಿ ತೆಗೆದ ದಿನದಿಂದಲೇ ಬಡ್ಡಿ ಶುರು, ಜೊತೆಗೆ ಶುಲ್ಕ. ತೀರಾ ಅನಿವಾರ್ಯವಾದರೆ ಮಾತ್ರ ಆ ಕಡೆ ಹೋಗಿ.

ಖರೀದಿಯಲ್ಲಿ ಕಣ್ಣಿಗೆ ಬೀಳದ ಕಾರಣ ಹೋಲ್ಡ್. ಹೋಟೆಲ್‌ನವರು, ಬಾಡಿಗೆ ಕಾರಿನವರು ಮುಂಗಡವಾಗಿ ಒಂದಿಷ್ಟು ಮೊತ್ತ ತಡೆದಿಡುತ್ತಾರೆ. ಬಿಲ್ಲನ್ನು ನಗದಾಗಿ ಕೊಟ್ಟರೂ ಅದು ಕೆಲವು ದಿನ ಹಾಗೇ ಉಳಿದು ಲಿಮಿಟ್ ತಿನ್ನುತ್ತದೆ. ಚೆಕ್‌ಔಟ್ ವೇಳೆಗೇ ಬಿಡಿಸಿಕೊಳ್ಳಿ.

ಆನ್‌ಲೈನ್‌ನಲ್ಲಿ? ಕಾರ್ಡ್ ನವೀಕರಣವಾದಾಗ ನಂಬರ್ ಅದೇ ಇದ್ದರೂ ಅವಧಿ ಮತ್ತು ಸಿವಿವಿ (ಕಾರ್ಡ್ ಮೇಲಿನ ಭದ್ರತಾ ಸಂಖ್ಯೆ) ಬದಲಾಗಿರುತ್ತವೆ, ಸೇವ್ ಮಾಡಿದ ಹಳೆಯ ವಿವರ ನಡೆಯದು. ವಿದೇಶಿ ವ್ಯವಹಾರದ ಸ್ವಿಚ್ ಆಫ್ ಆಗಿದೆಯೇ ಎಂದು ಬ್ಯಾಂಕ್ ಆಪ್‌ನಲ್ಲಿ ನೋಡಿ. ಅಂಗಡಿಯಲ್ಲಿ ಟ್ಯಾಪ್ ಆಗದಿದ್ದರೆ ಕಾರ್ಡನ್ನು ಚಿಪ್ ಕಡೆಯಿಂದ ಮಷಿನ್ ಒಳಗೆ ಹಾಕಿ, ಪಿನ್ ಒತ್ತಿ.