ಗಾಳಿಗೆ ಬಿದ್ದ ಮರವೂ ದೇವರ ಕೆಲಸವೂ

2011ರ ಮಾರ್ಚ್ 11ರ ಸುನಾಮಿಯಲ್ಲಿ ಜಪಾನಿನ ರಿಕುಜೆನ್‌ತಕಾತ ಪಟ್ಟಣದ ಕಡಲಂಚಿನಲ್ಲಿದ್ದ ಸುಮಾರು 70,000 ಪೈನ್ ಮರಗಳ ತೋಪು ಕೊಚ್ಚಿಹೋಗಿ ಒಂದೇ ಒಂದು ಮರ ಉಳಿಯಿತು. ಆ ಒಂಟಿ ಮರದ ಚಿತ್ರವನ್ನು ನೋಡಿದವರು ಬಹಳ ಮಂದಿ. ಉರುಳಿದ ಮರಗಳೇನಾದವು ಎಂದು ವಿಚಾರಿಸಿದವರು ಕಡಿಮೆ. ಕ್ಯೋಟೊ ಪ್ರಾಂತದ ಸಾಂಪ್ರದಾಯಿಕ ಕರಕುಶಲ ಶಾಲೆಯೊಂದರ ವಿದ್ಯಾರ್ಥಿಗಳು ಅವುಗಳ ದಿಮ್ಮಿಗಳಿಂದ ದೈನಿಚಿ ನ್ಯೊರೈ, ಅಂದರೆ ವೈರೋಚನ ಬುದ್ಧನ, ಮೂರ್ತಿಯನ್ನು ಕಡೆದರು. ಸಾರ್ವಜನಿಕರೂ ಬಂದು ಒಂದೊಂದು ಉಳಿಯೇಟು ಹಾಕಿದರು. ಮೂರ್ತಿ ಕಿಯೊಮಿಜು ದೇವಾಲಯವನ್ನು ಸೇರಿತು.

ಅದೇ ವರ್ಷ ಅದೇ ತೋಪಿನ ಕಟ್ಟಿಗೆಗೆ ಅದೇ ಕ್ಯೋಟೊದಲ್ಲಿ ಬೇರೆಯದೇ ಗತಿ ಒದಗಿತು. ಪಿತೃಗಳನ್ನು ಬೀಳ್ಕೊಡಲು ಆಗಸ್ಟ್ 16ರಂದು ಬೆಟ್ಟಗಳ ಮೇಲೆ ಹಚ್ಚುವ ಬೆಂಕಿಗೆ, ಸತ್ತವರ ಹೆಸರು ಬರೆದ ಆ ಸೌದೆಯನ್ನು ಬಳಸುವ ಯೋಜನೆಯಿತ್ತು. ಸುನಾಮಿಯಿಂದಾದ ಫುಕುಶಿಮಾ ಅಣುಸ್ಥಾವರದ ದುರಂತದಿಂದಾಗಿ ಸೌದೆಯನ್ನು ಪರೀಕ್ಷಿಸಲಾಯಿತು; ಅದರಲ್ಲಿ ವಿಕಿರಣದ ಅಂಶ ಕಂಡುಬರದಿದ್ದರೂ ಜನರ ಭಯಕ್ಕೆ ಮಣಿದು ಯೋಜನೆಯನ್ನು ಕೈಬಿಡಲಾಯಿತು. ಸೌದೆಯನ್ನು ಕೊನೆಗೆ ಅದರ ಊರಿನಲ್ಲಿಯೇ ಉರಿಸಿದರು. ಬಂಧುಗಳನ್ನು ಕಳೆದುಕೊಂಡವರು ತಮ್ಮ ಕೈಯಾರೆ ಬರೆದ ಹೆಸರುಗಳನ್ನು ಹಾಗೆ ಮರಳಿ ಪಡೆಯಬೇಕಾಗಿ ಬಂದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಇಂಥ ಹಿಂಜರಿಕೆ ನಮಗೂ ಹೊಸದಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ, ಪ್ರತಿಮೆಗೆ ಮರ ಹುಡುಕುವ ಕ್ರಮವನ್ನು ಹೇಳುವ ವನಸಂಪ್ರವೇಶ ಎಂಬ ಅಧ್ಯಾಯವು, ಸಿಡಿಲಿಗೂ ಗಾಳಿಗೂ ತುತ್ತಾದ ಮರ, ತಾನಾಗಿ ಬಿದ್ದ ಮರ, ಆನೆ ಮುರಿದ ಮರ, ಒಣಗಿದ ಮರ, ಬೆಂಕಿಯಲ್ಲಿ ಬೆಂದ ಮರ, ಜೇನು ಕಟ್ಟಿದ ಮರ ಇವೆಲ್ಲವನ್ನೂ ವರ್ಜಿಸಬೇಕೆನ್ನುತ್ತದೆ. ಈ ವಿಧಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಿದ್ದ ಮರದೊಳಗಿನ ಸೀಳು ಹೊರಗೆ ಕಾಣದೆ ಇರಬಹುದು, ಮತ್ತು ಸೀಳಿದ ಮೂರ್ತಿಗೆ ಪೂಜೆಯಿಲ್ಲ.

ಆದರೆ ಉಡುಪಿಯಲ್ಲಿ ನಿಂತು ಈ ವಿಧಿಯನ್ನೇ ಕೊನೆಯ ಮಾತೆಂದು ಒಪ್ಪಲು ನನ್ನಿಂದ ಆಗದು. ಮಲ್ಪೆಯ ಕಡಲಲ್ಲಿ ಬಿರುಗಾಳಿಗೆ ಸಿಕ್ಕ ಹಡಗನ್ನು ಶ್ರೀಮಧ್ವಾಚಾರ್ಯರು ತಮ್ಮ ಉತ್ತರೀಯವನ್ನು ಬೀಸಿ ದಡ ಸೇರಿಸಿದರೆಂದೂ, ಪ್ರತಿಯಾಗಿ ನಾವಿಕನಿಂದ ಗೋಪೀಚಂದನದ ಗಡ್ಡೆಯನ್ನು ಮಾತ್ರ ಪಡೆದರೆಂದೂ, ಅದರೊಳಗಿಂದ ಕೃಷ್ಣನ ಪ್ರತಿಮೆ ಹೊರಬಂದಿತೆಂದೂ ನಾವು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ನವಗ್ರಹ ಕಿಂಡಿಯಲ್ಲಿ ಇಣುಕಿದಾಗ ಕಾಣುವ, ಬಲಗೈಯಲ್ಲಿ ಕಡೆಗೋಲು, ಎಡಗೈಯಲ್ಲಿ ಹಗ್ಗ ಹಿಡಿದ ಆ ಬಾಲಕ ಹಾಗೆ ಬಿರುಗಾಳಿಯಿಂದ ಉಳಿದು ಬಂದವನು. ಪುರಿಯ ಜಗನ್ನಾಥನ ಕಥೆಯಲ್ಲಿಯೂ ಮೊದಲ ಮರ ಕಡಲಿನಲ್ಲಿ ತೇಲಿ ಬಂದ ದಾರುವೇ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಕಳೆದ ಮಳೆಗಾಲದ ಗಾಳಿಗೆ ನಮ್ಮೂರಿನ ದೈವಸ್ಥಾನದ ಹಿಂದಿದ್ದ ಹಳೆಯ ಹಲಸಿನ ಮರ ಬುಡಸಹಿತ ಬಿತ್ತು. ಗರ್ಭಗುಡಿಯ ಮಾಡಿನ ಒಂದು ಮೂಲೆಯೂ ಅದರಡಿ ಕುಸಿಯಿತು. ಅದೇ ಮರದಿಂದ ದೈವದ ಹೊಸ ಉಯ್ಯಾಲೆಮಂಚವನ್ನು ಮಾಡಿಸೋಣವೆಂದು ಕೆಲವರು, ಕೂಡದೆಂದು ಕೆಲವರು. ಮರಗೆಲಸದ ಆಚಾರ್ರು ಮಾತ್ರ ವಾದಕ್ಕೆ ಇಳಿಯದೆ ಕಾಂಡದ ಉದ್ದಕ್ಕೂ ಕೊಡತಿಯಿಂದ ಬಡಿಯುತ್ತ ಹೋಗಿ, ಸದ್ದು ಬದಲಾದಲ್ಲೆಲ್ಲ ಸುಣ್ಣದ ಗುರುತು ಹಾಕಿದರು. ಬುಡದ ಕಡೆ ಒಳಸೀಳು ಇದೆ, ಅದು ಬೇಡ ಎಂದರು. ಮೇಲಿನ ಭಾಗವನ್ನು ಒಂದಿಷ್ಟು ಕೆತ್ತಿ ತೋರಿಸಿದಾಗ ತಿರುಳು ಅರಸಿನದ ಬಣ್ಣಕ್ಕೆ ಹೊಳೆಯುತ್ತಿತ್ತು. "ಮರ ಒಳ್ಳೆಯದುಂಟು, ಅಪ್ಪಣೆ ಆಗಬೇಕಷ್ಟೆ" ಎಂದರು.

ದೈವದ ಅಪ್ಪಣೆಯ ವಿಚಾರವನ್ನು ಪ್ರಶ್ನೆಯಿಟ್ಟೇ, ಅಂದರೆ ಜ್ಯೋತಿಷ್ಯದ ಮೂಲಕ ಕೇಳಿಯೇ, ತಿಳಿಯಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಮೂರ್ತಿಗಿರುವ ನಿಯಮ ಮಂಚಕ್ಕೂ ಅನ್ವಯಿಸುತ್ತದೆಯೇ ಎಂಬುದನ್ನು ತಂತ್ರಿಗಳೇ ಹೇಳಲಿ. ಆದರೆ ಕೇಳದೆಯೇ ಮರವನ್ನು ಸೌದೆಯ ಲೆಕ್ಕದಲ್ಲಿ ಏಲಂ ಹಾಕುವುದು ಸರಿಯಲ್ಲ. ತೊಗಟೆಯಡಿ ಹುಳ ಬೀಳುವ ಮೊದಲೇ ಹಲಗೆ ಕೊಯ್ಯಿಸಿ ನೆರಳಿನಲ್ಲಿ ಒಣಗಲು ಇಡಬೇಕಾಗಿರುವುದರಿಂದ, ಪ್ರಶ್ನೆಯ ದಿನವನ್ನು ಈ ತಿಂಗಳೊಳಗೆ ನಿಶ್ಚಯಿಸಬೇಕೆಂದು ಆಡಳಿತ ಮಂಡಳಿಗೆ ಪತ್ರ ಕೊಟ್ಟಿದ್ದೇನೆ.