ಪಕೆಟ್ ಬಡಿಸಿದ ಊಟ

ನವೆಂಬರ್ 12, ಮಂಗಳವಾರ ರಾತ್ರಿ

ಸಂಜೆ ಪುಟ್ಟಿ ಫೋನ್ ಮಾಡಿದ್ದಳು. "ಚಿಕ್ಕಮ್ಮ, ಮಂಗೋಲರು ಸಹಿಷ್ಣುಗಳಾ, ಕ್ರೂರಿಗಳಾ? ನಾಳೆ ಟೆಸ್ಟು. ಬೇಗ ಹೇಳಿ." ಒಲೆ ಮೇಲೆ ಸಾರು ಕುದಿಯುತ್ತಿತ್ತು. "ಎರಡೂ ಹೌದು ಕಣೇ" ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ. ನನಗೂ ಆಗಲಿಲ್ಲ.

ಅವಳಿಗೆ ಮಂಗೋಲರ ದೊರೆ ಮೋಂಗ್ಕೆ ಖಾನನ ಮೇಲೆ ಮನಸ್ಸು. 1254ರಲ್ಲಿ ತನ್ನ ರಾಜಧಾನಿ ಕಾರಾಕೋರಂನಲ್ಲಿ ಕ್ರೈಸ್ತರು, ಮುಸ್ಲಿಮರು, ಬೌದ್ಧರನ್ನು ಕೂರಿಸಿ ವಾದ ಮಾಡಿಸಿದ. ದೇವರು ಕೈಗೆ ಬೇರೆ ಬೇರೆ ಬೆರಳು ಕೊಟ್ಟ ಹಾಗೆ ಜನರಿಗೂ ಬೇರೆ ಬೇರೆ ದಾರಿ ಕೊಟ್ಟಿದ್ದಾನೆ ಅಂತ ಯುರೋಪಿನಿಂದ ಬಂದಿದ್ದ ಪಾದ್ರಿ ವಿಲಿಯಂ ರುಬ್ರುಕ್‌ಗೆ ಹೇಳಿದ. "ಎಷ್ಟು ಚೆಂದ ಅಲ್ವಾ?" ಅಂದಳು.

ಚೆಂದವೇ. ಆದರೆ ಆ ಹೊತ್ತಿಗೆ ಅವನ ತಮ್ಮ ಹುಲಗು ದಂಡು ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟಾಗಿತ್ತು. ಕಳಿಸಿದವನು ಇದೇ ಮೋಂಗ್ಕೆ. 1258ರಲ್ಲಿ ಬಾಗ್ದಾದ್ ಬಿತ್ತು. ಅಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಜನರನ್ನು ಕೊಂದೆವು ಅಂತ ಹುಲಗುವೇ 1262ರಲ್ಲಿ ಫ್ರಾನ್ಸಿನ ರಾಜನಿಗೆ ಪತ್ರ ಬರೆಸಿದ. ಆದರೆ ಊರಿನ ಕ್ರೈಸ್ತರನ್ನು ಉಳಿಸಿದರು. ಹುಲಗುವಿನ ಹೆಂಡತಿ ದೋಕುಜ್ ಖಾತೂನ್ ಕ್ರೈಸ್ತಳು.

ನನಗೆ ಅನ್ನಿಸುವುದು ಇಷ್ಟು. ಯಾವ ದೇವರಿಗೆ ಕೈಮುಗಿದರೂ ಖಾನನಿಗೆ ಚಿಂತೆಯಿಲ್ಲ, ತನಗೆ ತಲೆ ಬಾಗಿದರೆ ಸಾಕು. ಪಾದ್ರಿ, ಮುಲ್ಲಾ, ಭಿಕ್ಷುಗಳಿಗೆ ತೆರಿಗೆ ಮಾಫಿ, ಖಾನನಿಗಾಗಿ ಪ್ರಾರ್ಥನೆ ಮಾಡಬೇಕು. ತಲೆ ಬಾಗದ ಊರಿನ ದೇವರು ಯಾರು ಅಂತ ಸಾಮಾನ್ಯವಾಗಿ ಯಾರೂ ಕೇಳುತ್ತಿರಲಿಲ್ಲ.

ಸಾರು ಇಳಿಸಿ ಕೂತಾಗ ಪಕೆಟ್ ನೆನಪಾದಳು. ಫ್ರಾನ್ಸ್ ಕಡೆಯ ಮೆಟ್ಜ್ ಊರಿನವಳು. ಹಂಗೇರಿಯಲ್ಲಿ ಮಂಗೋಲರ ಕೈಗೆ ಸಿಕ್ಕಿ, ಸಾವಿರಾರು ಮೈಲಿ ದೂರ ಬಂದು ಬಿದ್ದವಳು. ತನ್ನ ಮಾತು ಬಲ್ಲ ಪಾದ್ರಿ ಬಂದಿದ್ದಾನೆ ಅಂತ ಗೊತ್ತಾಗಿ, ರುಬ್ರುಕ್‌ಗೆ ತನ್ನ ಕೈಯಲ್ಲಾದಷ್ಟು ಚೆನ್ನಾಗಿ ಅಡುಗೆ ಮಾಡಿ ಬಡಿಸಿದಳು. ಖಾನನ ಬಿಡಾರಕ್ಕೆ ಬರುವ ಮೊದಲು ಪಟ್ಟ ಪಾಡು ಹೇಳಿಕೊಂಡಳು. ಈಗ ಪರವಾಗಿಲ್ಲ ಅಂದಳಂತೆ. ಗಂಡ ರಷ್ಯಾದವನು, ಮನೆ ಕಟ್ಟುವ ಕೆಲಸ ಬಲ್ಲವನು. ಮೂರು ಮುದ್ದಾದ ಗಂಡುಮಕ್ಕಳು.

ಈ "ಪರವಾಗಿಲ್ಲ" ಅನ್ನುವುದೇ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅವಳು ಚರ್ಚಿಗೆ ಹೋಗಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ಮೆಟ್ಜ್‌ಗೆ ಮಾತ್ರ ಹೋಗುವ ಹಾಗಿರಲಿಲ್ಲ.

ಬೆಳಗ್ಗೆ ಟೆಸ್ಟಿಗೆ ಮುಂಚೆ ಪುಟ್ಟಿಗೆ ಫೋನ್ ಮಾಡಬೇಕು. ಐದು ಅಂಕದ ಉತ್ತರದಲ್ಲಿ ಪಕೆಟ್‌ಗೆ ಜಾಗ ಇರುತ್ತಾ ಗೊತ್ತಿಲ್ಲ. ಆದರೂ ಆ ಊಟ, ಆ ಮೂರು ಮಕ್ಕಳು...