ಲ ಬುರ್ಜೆಯಲ್ಲಿ ಕಂಡ ಪುಟ್ಟ ನೀಲಿ ವಿಮಾನ

ಪ್ಯಾರಿಸ್‌ನಲ್ಲಿರುವ ಅಕ್ಕನ ಮನೆಗೆ ಹೋದಾಗ ಒಂದು ದಿನ ಲ ಬುರ್ಜೆಯ ವಿಮಾನ ಮ್ಯೂಸಿಯಂಗೆ ಅಂತಲೇ ಇಟ್ಟುಕೊಂಡಿದ್ದೆ. ಸೋಮವಾರ ಹೋದರೆ ರಜೆ. ಮರುದಿನ ಮತ್ತೆ ಮಗಳನ್ನು ಕರೆದುಕೊಂಡು ಏಳನೇ ಮೆಟ್ರೊ, ಆಮೇಲೆ 152ನೇ ನಂಬರ್ ಬಸ್ಸು. ಅವಳಿಗೆ ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನ ನೋಡಬೇಕಿತ್ತು. ನನಗೆ ಪೊಟೇಜ್ 53 ಅನ್ನೋ ಹಳೇ ರೇಸ್ ವಿಮಾನ.

ಎದುರು ಬಂದಾಗ ಮೊದಲು ಅನಿಸಿದ್ದು, ಅಯ್ಯೋ, ಇಷ್ಟೇ ಇಷ್ಟಾ! ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಏಳು ಮೀಟರ್ ಕೂಡ ಇಲ್ಲ. ಮೂತಿಯ ತುಂಬ ಒಂಬತ್ತು ಸಿಲಿಂಡರಿನ ಎಂಜಿನ್, ಪೈಲಟ್ ಕೂರುವ ಗೂಡು ಎಷ್ಟು ಹಿಂದೆ ಅಂದರೆ ಹೆಚ್ಚುಕಡಿಮೆ ಬಾಲದ ಬುಡದಲ್ಲಿ. ಡಾಯ್ಚ್ ಡ ಲಾ ಮರ್ಟ್ ಕಪ್ ರೇಸಿನ ನಿಯಮದಿಂದಲೇ ಈ ಆಕಾರ ಬಂದದ್ದು. ಎಂಜಿನ್ನಿನ ಸಿಲಿಂಡರುಗಳ ಒಟ್ಟು ಗಾತ್ರ ಎಂಟು ಲೀಟರ್ ದಾಟುವಂತಿಲ್ಲ. ಶಕ್ತಿ ಜಾಸ್ತಿ ಮಾಡಲು ಆಗದಿದ್ದರೆ ಗಾಳಿಗೆ ಅಡ್ಡ ಬರುವುದನ್ನೆಲ್ಲ ಕಡಿಮೆ ಮಾಡಬೇಕು, ಅಲ್ವಾ? ಹಾಗಾಗಿ ಮೈ ಸಣ್ಣ ಮಾಡಿದರು, ಹಾರುವಾಗ ಚಕ್ರಗಳನ್ನೂ ಒಳಗೆ ಮಡಚಿಟ್ಟರು.

1933ರ ಮೇ ತಿಂಗಳಲ್ಲಿ ಫ್ರಾನ್ಸಿನ ಎಟಾಂಪ್ ಊರಿನ ಬಳಿ ಪೈಲಟ್ ಜಾರ್ಜ್ ಡೆಟ್ರೆ ಇದರಲ್ಲಿ ಎರಡು ಸಾವಿರ ಕಿಲೋಮೀಟರ್ ಹಾರಿ ಗೆದ್ದ. ಬೆಂಗಳೂರಿಂದ ದೆಹಲಿಗೆ ನೇರ ಹಾರಿದರೂ ಅಷ್ಟು ದೂರ ಆಗುವುದಿಲ್ಲ. ಅದೂ ನೆಟ್ಟಗಿನ ದಾರಿಯಲ್ಲ, ಒಂದೇ ಸುತ್ತನ್ನು ಮತ್ತೆ ಮತ್ತೆ ಸುತ್ತಬೇಕು, ನಡುವೆ ಒಂದು ಸಲ ಇಳಿದು ಪುನಃ ಏರಬೇಕು. ಸರಾಸರಿ ವೇಗ ಗಂಟೆಗೆ 322 ಕಿ.ಮೀ. ಮೇಲೆ. ಲೆಕ್ಕ ಹಾಕಿದೆ, ಹಾರಾಟವೇ ಆರು ಗಂಟೆಗಿಂತ ಜಾಸ್ತಿ. ಆ ಗೂಡಿನ ಅಗಲ ನೋಡುತ್ತಾ ನನ್ನ ಭುಜ ನಾನೇ ಕುಗ್ಗಿಸಿಕೊಂಡೆ.

ಮರುವರ್ಷವೇ ಮೊರೀಸ್ ಆರ್ನೂ ಕೋಡ್ರೋನ್ ವಿಮಾನದಲ್ಲಿ 389 ಕಿ.ಮೀ. ಸರಾಸರಿಯಲ್ಲಿ ಅದೇ ಕಪ್ ಗೆದ್ದ. ಒಂದೇ ವರ್ಷದಲ್ಲಿ ಎಷ್ಟು ವ್ಯತ್ಯಾಸ ನೋಡಿ! ಆದರೂ ನನಗೆ ಈ ಪೊಟೇಜೇ ಹೆಚ್ಚು ಇಷ್ಟ. ಬೇಡದ್ದು ಒಂದೂ ಇದರ ಮೈಮೇಲೆ ಇಲ್ಲ.

ಭಾವ ಫೋನ್ ಮಾಡಿ "ಊಟಕ್ಕೆ ಬರ್ತೀರಾ ಇಲ್ವಾ?" ಅಂದರು. ಬಂದೆವು ಭಾವ ಅಂದು ಮತ್ತೆ ಅಲ್ಲೇ ನಿಂತೆ. ಅಷ್ಟರಲ್ಲಿ ಮಗಳು ಕೇಳಿದಳು, "ಅಪ್ಪಾ, ಅಷ್ಟು ಹಿಂದೆ ಕೂತ್ರೆ ಮುಂದೆ ಕಾಣುತ್ತಾ?"

ಕಷ್ಟ ಪುಟ್ಟಿ, ಎದುರಿಗೆ ಬರೀ ಮೂತಿ, ಪಕ್ಕದಿಂದ ಇಣುಕಿಯೇ ನೋಡಬೇಕು ಅಂದೆ. ಅವಳು ಕಂಬಿ ಹಿಡಿದು ಬಾಲದ ಕಡೆಗೆ ಹೋಗಿ, ಒಂದು ಕಣ್ಣು ಮುಚ್ಚಿ, ಕತ್ತು ವಾಲಿಸಿ ಮೂತಿಯ ಆಚೆ ಏನು ಕಾಣುತ್ತದೆ ಅಂತ ನೋಡುತ್ತಾ ನಿಂತಳು.